ಹಳದಿಯಲ್ಲೇ ನಿಂತ ಪುಟಗಳು ಹಸಿರಾದದ್ದು ಹೇಗೆ

ಮುದ್ರಿತ ಪುಸ್ತಕಗಳನ್ನು ಸ್ಕ್ಯಾನ್ ನೋಡಿ ಅಕ್ಷರರೂಪಕ್ಕೆ ತರುವ ಮುಕ್ತ ಅಂತರ್ಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕವೊಂದನ್ನು ತಂಡವಾಗಿ ತಿದ್ದುವಾಗ ಬಂದ ತೊಂದರೆ ಇದು: ಕೆಂಪು (ಇನ್ನೂ ತಿದ್ದದ) ಪುಟಗಳು ಬೇಗ ಹಳದಿ (ಒಮ್ಮೆ ತಿದ್ದಿದವು) ಆದವು, ಹಸಿರು (ಎರಡನೆಯವರು ಪರಿಶೀಲಿಸಿದವು) ಮಾತ್ರ ಆಗಲೇ ಇಲ್ಲ. ಕರಡು ತಿದ್ದಿದವರೇ ಆ ಪುಟವನ್ನು ಹಸಿರು ಮಾಡಲು ಬರುವುದಿಲ್ಲ, ಇನ್ನೊಬ್ಬರ ಕಣ್ಣು ಬೇಕೇ ಬೇಕು. ಎಲ್ಲರಿಗೂ ಹೊಸ ಪುಟ ಹಿಡಿಯುವ ಹುಮ್ಮಸ್ಸು. ಎರಡನೇ ಓದು ಯಾರ ಪಾಲಿಗೂ ಬಂದಿರಲಿಲ್ಲ.

ಜೋಡಿ ಕಟ್ಟಿದ ಮೇಲೆ ಸರಿಹೋಯಿತು. ಇಬ್ಬರಿಗೆ 20 ಪುಟ. ತಲಾ 10 ತಿದ್ದಿ, ಆಮೇಲೆ ಅದಲುಬದಲು. ಅವು ಹಸಿರಾಗುವವರೆಗೆ ಮುಂದಿನ ಕಂತು ಇಲ್ಲ. ವಾರವಿಡೀ ಯಾರೂ ಮುಟ್ಟದ ಪುಟ ಬೇರೆಯವರಿಗೆ, ಕಾರಣ ಕೇಳುವುದಿಲ್ಲ.

ಎರಡನೇ ಓದಿನಲ್ಲಿ ಏನು ನೋಡಬೇಕೆಂದೂ ಬರೆದಿಟ್ಟೆವು. ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂರಿಸುತ್ತದೆ. ‘ಕ೦ಪು’, ‘ಕಂಪು’ ಕಣ್ಣಿಗೆ ಒಂದೇ, ಆದರೆ ಹುಡುಕಿದರೆ ಮೊದಲನೆಯದು ಸಿಗುವುದಿಲ್ಲ. ಅರ್ಕಾವೊತ್ತು ೯ ಅಂಕೆಯಾಗಿ, ‘ಕರ್ಮ’ ಹೋಗಿ ‘ಕಮ೯’ ಆಗುತ್ತದೆ. ಥ–ಧ, ಪ–ಷ ಕೂಡ ಗೋಜಲು. ಸೊನ್ನೆಯನ್ನು ಓದುತ್ತಾ ಹಿಡಿಯುವುದು ಕಷ್ಟ. ಪುಟದಲ್ಲಿ ೦ ಅಂಕೆಯನ್ನೇ ಹುಡುಕಿ, ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ೧೯೦೫ರಂಥ ಇಸವಿಗಳೂ ಕೆಡುತ್ತವೆ.

ಹಳೆಯ ಕಾಗುಣಿತವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಮುದ್ರಣದಲ್ಲಿದ್ದಂತೆಯೇ ಇರಲಿ. ಹರಿದ ಅಥವಾ ಮಸುಕಾದ ಪುಟ ಬಂದರೆ ಊಹಿಸಿ ತುಂಬದೆ, ಸಮಸ್ಯೆಯಿದೆಯೆಂಬ ಗುರುತು ಹಾಕಿ, ಎಷ್ಟನೇ ಸಾಲು ಓದಲಾಗುತ್ತಿಲ್ಲವೆಂದು ಆ ಪುಟದ ಚರ್ಚೆಯಲ್ಲಿ ಬರೆಯಿರಿ. ಅದೇ ಪುಸ್ತಕದ ಇನ್ನೊಂದು ಪ್ರತಿ ಇದ್ದವರು ನೋಡಿ ತುಂಬುತ್ತಾರೆ.