ತಿಂಗಳ ಕಂತಿಗೆ 25 ಹುಣಸೆ ಬೀಜ

ಈ ತಿಂಗಳ 4ನೇ ತಾರೀಖು ನನ್ನ ತಂಗಿಯ ಮಗಳು ನವನಗರದ ನಮ್ಮ ಮನೆಗೆ ಬಂದಿದ್ದಳು. ಚಹಾ ಬಸಿಗೆ ಹಾಕುವ ಮೊದಲೇ, “ದೊಡ್ಡವ್ವ, ನಾಳೆ ಕಂತು ಐತಿ, ಒಂದೆರಡು ಸಾವಿರ ಇದ್ದರ ಕೊಡ್ರಿ” ಅಂದಳು. ಹೋದ ತಿಂಗಳೂ ಇದೇ ಮಾತು. ಒಂದು ವರ್ಷದಿಂದ ಅದೇ 5ನೇ ತಾರೀಖಿಗೆ ಬರುವ ಕಂತು ಇವಳಿಗೆ ಪ್ರತಿ ಸಲ 4ಕ್ಕೇ ನೆನಪಾಗುತ್ತದೆ. ಗಂಡ ಟಂಟಂ ಆಟೋ ಓಡಿಸುತ್ತಾನೆ, ದಿನಾ ಸಂಜೆ ರೊಕ್ಕ ತರುತ್ತಾನೆ. ಬಂದದ್ದು ಹಂಗಂಗೇ ಕರಗುತ್ತದೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂತು ಡಬ್ಬಿ ತಡಕಾಡುತ್ತಾರೆ.

ರೊಕ್ಕ ಕೊಟ್ಟೆ, ಬೈದೂ ಬೈದೆ. ಅವಳೊಬ್ಬಳಿಗೇ ಬೈದರೆ ಸಾಲದು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ ಕೊಟ್ಟು ಸಾಲ ಎಲ್ಲ ಬರಿ ಅಂದೆ. ಎರಡು ಬರೆದಳು: ಫೈನಾನ್ಸ್‌ನವರಿಗೆ ತಿಂಗಳಿಗೆ 3000, ಫೋನಿನ ಕಂತು 1150. “ಇಷ್ಟೇನಾ?” ಅಂತ ಕೇಳಿದೆ. ಸುಮ್ನೆ ಕೂತಳು. ಆಮೇಲೆ ಮೆಲ್ಲಗೆ ಮೂರನೆಯದು ಹೊರಬಿತ್ತು. ಓಣಿಯ ಒಬ್ಬರ ಹತ್ತಿರ 40,000 ಕೈಗಡ, ನೂರಕ್ಕೆ ಮೂರು ಬಡ್ಡಿ. “ಬರೇ ಮೂರು ದೊಡ್ಡವ್ವ, ಫೈನಾನ್ಸ್‌ನವರು ಇಪ್ಪತ್ತರ ಮ್ಯಾಲೆ ತಗೋತಾರ” ಅಂದಳು. ಓದಿದ ಹುಡುಗಿ! ಆ ಮೂರು ಒಂದೊಂದು ತಿಂಗಳಿಗೆ, ಈ ಇಪ್ಪತ್ತು ಇಡೀ ವರ್ಷಕ್ಕೆ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು ಆಗಲಿಲ್ವಾ? ತಿಂಗಳಿಗೆ 1200, ವರ್ಷಕ್ಕೆ 14,400 ಕೊಟ್ಟಾಳು. ಅಸಲು ಮಾತ್ರ ಅದೇ 40,000 ಹಾಗೇ ಕೂತಿರುತ್ತದೆ.

ಇನ್ನೊಂದು ಮೋಸದ ಲೆಕ್ಕ ಇದೆ, ಅದನ್ನೂ ಹೇಳಿಬಿಡುತ್ತೇನೆ. 12,000 ಸಾಲ, ಬಡ್ಡಿ ನೂರಕ್ಕೆ 12, ತಿಂಗಳಿಗೆ 1120ರಂತೆ 12 ಕಂತು ಅನ್ನುತ್ತಾರೆ. ಕೇಳಲು ಚಲೋ ಇದೆ. ಆದರೆ ಅಸಲು ತಿಂಗಳು ತಿಂಗಳು ಕಡಿಮೆ ಆಗುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆಯೇ ಹಾಕಿರುತ್ತಾರೆ. ನಿಜವಾಗಿ ಅದು ನೂರಕ್ಕೆ 21ರ ಮೇಲೆ ಬೀಳುತ್ತದೆ. ಸಹಿ ಮಾಡುವ ಮೊದಲು “ಉಳಿದ ಅಸಲಿನ ಮೇಲೆ ಬಡ್ಡಿಯೋ, ಮೊದಲಿನ ಅಸಲಿನ ಮೇಲೋ?” ಅಂತ ಒಂದೇ ಮಾತು ಕೇಳಿ. ಅವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕ ಹಾಗೆ.

ಸಾಲ ತೀರಿಸಲು ಸಾಲ ಮಾಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಒಂದು ಕಡೆ ಬಿಟ್ಟು. ಅವಳ ಟ್ರಂಕಿನಲ್ಲಿ ಬಂಗಾರದ ಬೋರಮಾಳ ಸರ ಇದೆ, ವರ್ಷಕ್ಕೆ ಒಂದು ಲಗ್ನಕ್ಕೆ ಹಾಕಿಕೊಳ್ಳುತ್ತಾಳೆ. ಅದನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು ನೂರಕ್ಕೆ ಮೂರಿನ ಸಾಲ ಮೊದಲು ಮುಗಿಸು ಅಂದೆ. ಬ್ಯಾಂಕಿನ ಬಂಗಾರದ ಸಾಲಕ್ಕೆ ಬಡ್ಡಿ ಇದರ ಅರ್ಧಕ್ಕಿಂತ ಕಡಿಮೆ. “ಬಂಗಾರ ಒತ್ತೆ ಇಟ್ಟರ ಮಂದಿ ಏನಂತಾರ?” ಅಂತ ಶುರು ಮಾಡಿದಳು. ಓಣಿಯ ನಲ್ಲಿಯ ಹತ್ತಿರ ಸಾಲ ಕೊಟ್ಟವರನ್ನು ಕಂಡು ಕೊಡ ಬಿಟ್ಟು ಮನೆಯೊಳಗೆ ಓಡುತ್ತೀಯಲ್ಲ, ಅದನ್ನು ನೋಡಿ ಮಂದಿ ಏನೂ ಅನ್ನುವುದಿಲ್ವಾ?

ಈಗ ಹುಣಸೆ ಬೀಜ.

ನಾನು ಮದುವೆಯಾಗಿ ಗುಳೇದಗುಡ್ಡಕ್ಕೆ ಹೋದಾಗ ಮನೆಯಲ್ಲಿ ಕೈಮಗ್ಗ ಇತ್ತು, ಕುಪ್ಪಸದ ಖಣ ನೇಯುತ್ತಿದ್ದರು. ನೂಲಿಗೆ ಮಾಡಿದ ಸಾಲ ತಿಂಗಳಿಗೆ 50 ರೂಪಾಯಿ ಕಟ್ಟಬೇಕಿತ್ತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಖಣದ ತುಂಡಿನಲ್ಲಿ ಒಂದು ಚೀಲ ಹೊಲಿದು ಅದರಲ್ಲಿ 25 ಹುಣಸೆ ಬೀಜ ಹಾಕಿಟ್ಟಿದ್ದರು. ದಿನಾ ಎರಡು ರೂಪಾಯಿ ಚೀಲಕ್ಕೆ ಹಾಕುವುದು, ಒಂದು ಬೀಜ ಹೊರಗೆ ತೆಗೆಯುವುದು. ಬೀಜ ಮುಗಿದ ದಿನ ಕಂತು ತಯಾರು.

ಇದೇನು ದೊಡ್ಡ ವಿಷಯ ಅನ್ನಬೇಡಿ. ಮಾಡುವ ರೀತಿಯಲ್ಲಿ ಮಾಡದಿದ್ದರೆ ಕೆಡುತ್ತದೆ.

ಚೀಲಕ್ಕೆ ಎರಡು ಮನೆ ಇರಬೇಕು. ಅಂಗೈ ಅಗಲದ ಚೀಲದ ನಡುವೆ ಒಂದು ಹೊಲಿಗೆ ಹಾಕಿದರೆ ಆಯಿತು. ಒಂದು ಕಡೆ ಬೀಜ, ಇನ್ನೊಂದು ಕಡೆ ರೊಕ್ಕ. ಬಾಯಿಗೆ ಲಾಡಿ ಇರಲಿ, ಜಿಪ್ ಬೇಡ. ಲಾಡಿ ಬಿಚ್ಚಿ ಕಟ್ಟುವಷ್ಟು ಹೊತ್ತು ಕೈ ತಡೆಯುತ್ತದೆ, ಆ ಹೊತ್ತಿನಲ್ಲಿ ಬುದ್ಧಿ ಬರುತ್ತದೆ. ಬಟ್ಟೆ ಸ್ವಲ್ಪ ಗಟ್ಟಿ ಇರಲಿ.

ಬೀಜ ಹುಣಸೆಯದೇ ಆಗಬೇಕು. ಶೇಂಗಾ ಇಟ್ಟರೆ ಮಕ್ಕಳು ತಿನ್ನುತ್ತಾರೆ, ಜೋಳ ಇಟ್ಟರೆ ಇರುವೆ ಬರುತ್ತದೆ, ಕಲ್ಲು ಇಟ್ಟರೆ ಚೀಲ ಭಾರವಾಗಿ ರೊಕ್ಕ ತುಂಬಿದ ಹಾಗೆ ಅನಿಸುತ್ತದೆ. ಹುಣಸೆ ಬೀಜ ಹಗುರ, ನುಣುಪು, ಕತ್ತಲಲ್ಲೂ ಬೆರಳಿಗೆ ಎಣಿಕೆ ಸಿಗುತ್ತದೆ. ದೊಡ್ಡ, ಕಪ್ಪನೆಯ ಬೀಜ ಆರಿಸಿ. ತೂತಿದ್ದದ್ದು ಎಸೆಯಿರಿ, ಒಳಗೆ ಹುಳ ಇರುತ್ತದೆ. ತೊಳೆದು ಒಂದು ಬಿಸಿಲು ಕಾಯಿಸಿ, ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ ತೆಗೆಯಿರಿ. ಹುರಿಯಬೇಡಿ ಮತ್ತೆ, ಸಿಪ್ಪೆ ಸಿಡಿದರೆ ಕೆಲಸಕ್ಕೆ ಬಾರದು.

ಹುಣಸೆಹಣ್ಣಿನ ಮಾತು ಬಂತಲ್ಲ, ಈಗಿನವರು ಬೀಜ ಸಹಿತ ಡಬ್ಬಿಗೆ ತುರುಕಿ, ಮಳೆಗಾಲದಲ್ಲಿ ಹುಳ ಬಿತ್ತು ಅಂತ ಅಳುತ್ತಾರೆ. ಬೇಸಿಗೆಯಲ್ಲೇ ಕೂತು ಬೀಜ, ನಾರು ಎಲ್ಲ ತೆಗೆದು, ಎರಡು ಬಿಸಿಲು ಕಾಯಿಸಿ, ಕೈ ತುಂಬ ಕಲ್ಲುಪ್ಪು ಹಾಕಿ ಒತ್ತಿ ಉಂಡೆ ಕಟ್ಟಿ. ಭರಣಿಯಲ್ಲಿ ಇಡಿ, ಲೋಹದ ಡಬ್ಬಿ ಬೇಡ. ವರ್ಷ ಕಳೆದರೂ ಏನೂ ಆಗುವುದಿಲ್ಲ. ಇರಲಿ.

ಬೀಜ 25 ಯಾಕೆ, 30 ಯಾಕಲ್ಲ? ತಿಂಗಳಲ್ಲಿ ಒಂದು ದಿನ ಜ್ವರ ಬರುತ್ತದೆ, ಒಂದು ದಿನ ಗಾಡಿ ಕೆಡುತ್ತದೆ, ಒಂದು ದಿನ ಬೀಗರು ಬರುತ್ತಾರೆ. ಆ ಐದು ದಿನ ಅವಕ್ಕೆ. ಕಂತು 5ಕ್ಕೆ ಇದ್ದರೆ 6ನೇ ತಾರೀಖಿನಿಂದ ಶುರು ಮಾಡಿ, 30ಕ್ಕೆ ಬೀಜ ಖಾಲಿ ಆಗಬೇಕು. 3000ಕ್ಕೆ ದಿನಕ್ಕೆ 120. ಗಂಡ ರೊಕ್ಕ ಕೈಗಿಟ್ಟ ಕೂಡಲೇ ತೆಗೆದಿಡಿ, ರೊಟ್ಟಿ ಹಂಚು ಒಲೆಗೆ ಏರುವ ಮೊದಲೇ. ಊಟ ಆದ ಮೇಲೆ ಉಳಿದದ್ದು ಹಾಕುತ್ತೇನೆ ಅಂದರೆ ಉಳಿಯುವುದಿಲ್ಲ, ಎಂದೂ ಉಳಿದಿಲ್ಲ. ಗಳಿಕೆ ಇಲ್ಲದ ದಿನ ಬೀಜ ಹಾಗೇ ಇರಲಿ, ಮರುದಿನ ಎರಡು ದಿನದ್ದು ಹಾಕಿ ಎರಡು ತೆಗೆಯಿರಿ. ರೊಕ್ಕ ಹಾಕದೆ, ಹಾಕಿದ್ದೇನೆ ಅಂತ ಮನಸ್ಸಿಗೆ ಸುಳ್ಳು ಹೇಳಿ ಬೀಜ ತೆಗೆದರೆ ನಿಮಗೇ ನಷ್ಟ.

ಚೀಲ ದೇವರ ಮುಂದೆ ಇಡಬೇಡಿ, ಹಬ್ಬಕ್ಕೆ ಕೈ ಹೋಗುತ್ತದೆ. ಅಕ್ಕಿ ಡಬ್ಬಿಯಲ್ಲೂ ಬೇಡ, ಕಳ್ಳರೂ ಗಂಡಂದಿರೂ ಮೊದಲು ನೋಡುವುದೇ ಅಲ್ಲಿ. ಅಡುಗೆ ಮನೆಯ ಬಾಗಿಲ ಹಿಂದೆ, ಕಣ್ಣಿನ ಎತ್ತರಕ್ಕೆ ಒಂದು ಮೊಳೆ ಹೊಡೆದು ನೇತು ಹಾಕಿ. ಒಂದು ಸಾಲಕ್ಕೆ ಒಂದು ಚೀಲ. ಭಾನುವಾರ ಬೀಜ, ರೊಕ್ಕ ಎರಡನ್ನೂ ಎಣಿಸಿ. ಎರಡನ್ನೂ, ನೆನಪಿರಲಿ.

ಒಂದು ಸಲ ಬನಶಂಕರಿ ಜಾತ್ರೆಗೆ ಹೋಗುವಾಗ ನಾನು ಆ ಚೀಲದಿಂದ 10 ರೂಪಾಯಿ ತೆಗೆದಿದ್ದೆ. ಹೊಸ ಸೊಸೆ, ಬಳೆಯ ಆಸೆ. ಅತ್ತೆ ಬೈಯಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಎದುರಿಗೇ ಡಬ್ಬಿಯಿಂದ ಐದು ಬೀಜ ಎಣಿಸಿ ವಾಪಸ್ ಚೀಲಕ್ಕೆ ಹಾಕಿದರು. ಆ ಬೀಜ ಟಕ್ ಟಕ್ ಅಂತ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಐದು ದಿನ ಮಗ್ಗಕ್ಕೆ ಜಾಸ್ತಿ ನೂಲಿನ ಕಂಡಿಕೆ ಸುತ್ತಿ ಆ ರೊಕ್ಕ ತುಂಬಿಸಿದೆ. ಬಳೆ ಎರಡು ವಾರಕ್ಕೇ ಒಡೆದು ಹೋದವು.

20ನೇ ತಾರೀಖಿನ ಹೊತ್ತಿಗೆ ಮೂರಕ್ಕಿಂತ ಜಾಸ್ತಿ ಬೀಜ ಹಿಂದೆ ಬಿದ್ದಿದ್ದರೆ ಅವತ್ತೇ ಸಾಲ ಕೊಟ್ಟವರ ಹತ್ತಿರ ಹೋಗಿ ಮಾತಾಡಿ. ತಾರೀಖು ದಾಟಿದ ಮೇಲೆ ಫೋನ್ ಬಂದ್ ಮಾಡಿ ಕೂರುವುದಲ್ಲ. ಖಾತೆಯಿಂದ ತಾನೇ ಕಡಿತ ಆಗುವ ಕಂತು ತಪ್ಪಿದರೆ ಬ್ಯಾಂಕಿನವರೂ ದಂಡ ಹಾಕುತ್ತಾರೆ, ಸಾಲ ಕೊಟ್ಟವರೂ ಹಾಕುತ್ತಾರೆ. ಮೊದಲೇ ಹೋದರೆ ತಾರೀಖು ಮುಂದೆ ಹಾಕಿಕೊಡಿ ಅಂತಲೋ, ಕಂತು ಸಣ್ಣದು ಮಾಡಿ ಅಂತಲೋ ಕೇಳಬಹುದು. ಒಪ್ಪಿದ್ದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹಿಂದೊಮ್ಮೆ ವಸೂಲಿಗೆ ಬಂದ ಹುಡುಗನ ಕೈಗೆ ಪಾವತಿ ಚೀಟಿ ಇಲ್ಲದೆ ಕಂತು ಕೊಟ್ಟು, ಅದೇ ಕಂತನ್ನು ಎರಡನೇ ಸಲ ಕಟ್ಟಿದವಳು ನಾನು. ಆಮೇಲಿಂದ ಚೀಟಿ ಕೈಗೆ ಬರುವವರೆಗೆ ನೋಟು ಬಿಡುವುದಿಲ್ಲ.

ಹೆದರಿಕೊಂಡು ಕೂರುವವರಿಗೆ ಒಂದಿಷ್ಟು ಕಾನೂನು. ಫೈನಾನ್ಸ್‌ನವರು ಕೊಡುವಂಥ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ. ತಡವಾದರೆ ದಂಡ ತಪ್ಪಿದ ಕಂತಿಗೆ ಮಾತ್ರ, ಪೂರ್ತಿ ಸಾಲಕ್ಕಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವ ಹಾಗಿಲ್ಲ. ಬೆದರಿಸಿ ವಸೂಲಿ ಮಾಡುವವರಿಗೆ ನಮ್ಮ ರಾಜ್ಯದಲ್ಲಿ 2025ರಿಂದ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಹಾಗಂತ ಕಟ್ಟಬೇಕಾದ್ದನ್ನು ಕಟ್ಟದೆ ಕಾನೂನು ಮಾತಾಡಬೇಡಿ, ನನಗೆ ಸಿಟ್ಟು ಬರುತ್ತದೆ.

ಮನೆ ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಉದ್ರಿ ನಿಲ್ಲಿಸಿ. ವಹಿಯಲ್ಲಿ ಬರೆಸುವಾಗ ಕೈ ಉದ್ದ ಆಗುತ್ತದೆ, ನಗದು ಎಣಿಸುವಾಗ ಬಿಸ್ಕತ್ತು ತಾನೇ ಬಿಟ್ಟುಹೋಗುತ್ತದೆ. ಸುಗ್ಗಿಯಲ್ಲಿ ಜೋಳ ಚೀಲದ ಲೆಕ್ಕದಲ್ಲಿ ಕೊಳ್ಳಿ, ಒಣಗಿದ ಬೇವಿನ ಎಲೆ ಹಾಕಿಡಿ. ವಾರ ವಾರ ಪಾಕೀಟಿನ ಹಿಟ್ಟು ತರುವುದು ತುಟ್ಟಿ. ಮಕ್ಕಳ ಹಾಲು, ಹಿರಿಯರ ಗುಳಿಗೆ ಮಾತ್ರ ಕಡಿಮೆ ಮಾಡಬೇಡಿ. ಬಸ್ ಪುಕ್ಕಟೆ ಅಂತ ವಾರಕ್ಕೆ ಎರಡು ಸಲ ಸಂತೆಗೆ ಹೋಗುವವರಿದ್ದಾರೆ. ಟಿಕೆಟ್ ಪುಕ್ಕಟೆ, ಸಂತೆ ಪುಕ್ಕಟೆ ಅಲ್ಲ! ಗೃಹಲಕ್ಷ್ಮಿಯ 2000ವನ್ನು ಕಂತಿನ ಲೆಕ್ಕದಲ್ಲಿ ಹಿಡಿಯಬೇಡಿ, ಇಂಥ ತಾರೀಖಿಗೇ ಬರುತ್ತದೆ ಅಂತಿಲ್ಲ. ಬಂದಾಗ ಜಾಸ್ತಿ ಬಡ್ಡಿಯ ಸಾಲದ ಅಸಲಿಗೆ ಕಟ್ಟಿಬಿಡಿ.

ತಿಂಗಳ ಪಗಾರದವರಿಗೆ ಈ ಬೀಜದ ಕೆಲಸ ಇಲ್ಲ. ಪಗಾರ ಬಂದ ದಿನವೇ ಕಂತಿನಷ್ಟು ಬೇರೆ ಖಾತೆಗೆ ಹಾಕಿ ಸುಮ್ಮನಿರಿ. ಬೀಜ ಬೇಕಾಗುವುದು ದಿನದ ಗಳಿಕೆಯ ಮನೆಗೆ.

ಅವತ್ತು ನನ್ನ ಹಳೆಯ ಚೀಲವನ್ನೇ ಬೀಜ ಹಾಕಿ ಅವಳ ಕೈಗೆ ಕೊಟ್ಟು ಕಳಿಸಿದೆ. ನಿನ್ನೆ, 19ನೇ ತಾರೀಖು, ಭಾನುವಾರ ಸಂಜೆ ಫೋನ್ ಮಾಡಿದಳು. ದನಿಯಲ್ಲೇ ಖುಷಿ. “ದೊಡ್ಡವ್ವ, ಎಂಟೇ ಬೀಜ ಉಳದಾವ, ಮೂರು ದಿನ ಮುಂದ ಅದೀನಿ!” ರೊಕ್ಕ ಎಣಿಸಿದ್ದೀಯಾ ಅಂತ ಕೇಳಿದೆ. ಎಣಿಸಿರಲಿಲ್ಲ. ಫೋನ್ ಹಿಡಿದುಕೊಂಡೇ ಎಣಿಸಿದಳು, 1560. ಅಂದರೆ 13 ದಿನದ್ದು. ಮುಂದೆ ಎಲ್ಲಿ, ಒಂದು ದಿನ ಹಿಂದೆಯೇ ಇದ್ದಾಳೆ. 25ರಲ್ಲಿ 13 ಹೋದರೆ 12 ಇರಬೇಕು, ನಾಲ್ಕು ಬೀಜ ಎಲ್ಲಿ?

ಆ ಕಡೆ ಸ್ವಲ್ಪ ಹೊತ್ತು ಗದ್ದಲ. ಕಟ್ಟೆಯ ಮೇಲೆ ಮಗ ಇಬ್ಬರು ಗೆಳೆಯರ ಜತೆ ಚೌಕಾಬಾರ ಆಡುತ್ತಾ ಕೂತಿದ್ದನಂತೆ. ಕವಡೆಯ ಬದಲಿಗೆ ಅಂತ ನಾಲ್ಕು ಬೀಜವನ್ನೂ ಕಲ್ಲಿಗೆ ತೇಯ್ದು ಒಂದು ಬದಿ ಬೆಳ್ಳಗೆ ಮಾಡಿಟ್ಟಿದ್ದಾನೆ. ಹೊಡೆಯಬೇಡ ಅಂದೆ. ಅವು ಅವನ ಹತ್ತಿರವೇ ಇರಲಿ, ನನ್ನ ಡಬ್ಬಿಯಲ್ಲಿ ಬೇರೆ ಇವೆ, ಬುಧವಾರ ಬಂದು ನಾಲ್ಕು ಒಯ್ಯಿ.