ಸುಮ್ನೆ ಕೂತಾಗಲೂ 1.32 ವೋಲ್ಟ್ ಯಾಕೆ?

ನನ್ನ ಮನೆಯ ಕಂಪ್ಯೂಟರ್‌ನಲ್ಲಿ ಇರುವುದು ಇಂಟೆಲ್‌ನ ಕೋರ್ ಐ5-2500ಕೆ. 2011ರಲ್ಲಿ ಬಂದ ಪ್ರೊಸೆಸರ್. ಹಳೇದು ನಿಜ, ಆದರೆ ಓವರ್‌ಕ್ಲಾಕ್‌ಗೆ (ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದಕ್ಕೆ) ಇಷ್ಟು ಚೆನ್ನಾಗಿ ಒಗ್ಗುವ ಚಿಪ್ ನನ್ನ ಕೈಗೆ ಇನ್ನೊಂದು ಸಿಕ್ಕಿಲ್ಲ. 3.3 ಗಿಗಾಹರ್ಟ್ಸ್‌ನ ಈ ಚಿಪ್ಪನ್ನು ಮಲ್ಟಿಪ್ಲೈಯರ್ (ಬೋರ್ಡಿನ ಮೂಲ ವೇಗವನ್ನು ಗುಣಿಸುವ ಸಂಖ್ಯೆ) 44ಕ್ಕೆ ಏರಿಸಿ 4.4ರಲ್ಲಿ ಓಡಿಸುತ್ತಿದ್ದೇನೆ.

ಮೊದಲು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ಸಿಗುವ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ವೋಲ್ಟೇಜನ್ನು 1.32ಕ್ಕೆ ಫಿಕ್ಸ್ ಮಾಡಿದ್ದೆ. ಪವರ್ ಉಳಿಸುವ ಆಯ್ಕೆಗಳು ಓವರ್‌ಕ್ಲಾಕ್‌ಗೆ ಅಡ್ಡ ಬರುತ್ತವೆ ಅಂತ ಕೇಳಿದ್ದರಿಂದ ಎಲ್ಲವನ್ನೂ ಆಫ್ ಮಾಡಿದ್ದೆ. ಚಿಪ್ಪನ್ನು ದುಡಿಸಿ ಪರೀಕ್ಷಿಸುವ ಪ್ರೈಮ್95 ಪ್ರೋಗ್ರಾಂ ರಾತ್ರಿಯಿಡೀ ಓಡಿತು, ಒಂದೂ ಎರರ್ ಇಲ್ಲ. ಒಂದು ದಿನ ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ನೋಡಿದೆ. ಪರದೆ ಮೇಲೆ ಡೆಸ್ಕ್‌ಟಾಪ್ ಬಿಟ್ಟರೆ ಏನೂ ಇಲ್ಲ. ಮೀಟರ್ 94 ವ್ಯಾಟ್ ತೋರಿಸುತ್ತಿತ್ತು.

ಚಿಪ್ ತಿನ್ನುವ ಪವರ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 4.4 ಗಿಗಾಹರ್ಟ್ಸ್, 1.32 ವೋಲ್ಟ್ ಬದಲು 1.6 ಗಿಗಾಹರ್ಟ್ಸ್, 0.97 ವೋಲ್ಟ್ ಇದ್ದರೆ ಲೆಕ್ಕದಲ್ಲಿ ಸುಮಾರು ಐದನೇ ಒಂದು ಭಾಗ ಸಾಕು. ಕೆಲಸವೇ ಇಲ್ಲದಾಗ ಪೂರ್ತಿ ವೋಲ್ಟೇಜ್ ಯಾಕೆ ಕೊಡಬೇಕು, ಅಲ್ವಾ?

ಆಫ್ ಮಾಡಿದ್ದ ಪವರ್ ಉಳಿಸುವ ಆಯ್ಕೆಗಳನ್ನು, ಅಂದರೆ ವೇಗ ಇಳಿಸುವ ಸ್ಪೀಡ್‌ಸ್ಟೆಪ್, ಖಾಲಿ ಇದ್ದಾಗ ಚಿಪ್ಪನ್ನು ಮಲಗಿಸುವ ಸಿ1ಇ, ಸಿ3, ಸಿ6, ಎಲ್ಲವನ್ನೂ ಮತ್ತೆ ಆನ್ ಮಾಡಿದೆ. ವಿಂಡೋಸ್‌ನಲ್ಲಿ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ನಲ್ಲಿತ್ತು, ಅದನ್ನು ಬ್ಯಾಲೆನ್ಸ್ಡ್‌ಗೆ ಬದಲಾಯಿಸಿದೆ. ಇದನ್ನು ಮರೆತರೆ ಬಯಾಸ್‌ನಲ್ಲಿ ಆನ್ ಮಾಡಿದ್ದರೂ ವೇಗ ಕೆಳಗೆ ಇಳಿಯದೇ ಇರಬಹುದು. ಚಿಪ್‌ನ ವೇಗ, ವೋಲ್ಟೇಜ್ ತೋರಿಸುವ ಸಿಪಿಯು-ಝಡ್ ತೆರೆದು ನೋಡಿದರೆ ವೇಗ 1.6ಕ್ಕೆ ಇಳಿದಿದೆ, ವೋಲ್ಟೇಜ್ ಮಾತ್ರ 1.32ರಲ್ಲೇ ನಿಂತಿದೆ! ಫಿಕ್ಸ್ ಮಾಡಿದ್ದು ನಾನೇ, ಬೋರ್ಡ್ ಅದನ್ನೇ ಕೊಡುತ್ತದೆ. ಆದರೂ ಮೀಟರ್ 71ಕ್ಕೆ ಬಂದಿತ್ತು. ಸಿ6ನಲ್ಲಿ ಖಾಲಿ ಕೋರ್‌ಗೆ ಹೋಗುವ ಕರೆಂಟೇ ಕಟ್ ಆಗುತ್ತದೆ. ಹಾಗಾಗಿ ದೊಡ್ಡ ಉಳಿತಾಯ ಬಂದಿದ್ದು ಇದರಿಂದಲೇ.

ಆಮೇಲೆ ಫಿಕ್ಸೆಡ್ ಬಿಟ್ಟು ಆಫ್‌ಸೆಟ್ ಮೋಡ್‌ಗೆ ಬಂದೆ. ಇದರಲ್ಲಿ ಆಯಾ ವೇಗಕ್ಕೆ ಚಿಪ್ ಎಷ್ಟು ವೋಲ್ಟೇಜ್ ಕೇಳುತ್ತದೋ ಅದಕ್ಕೆ ನಾವು ಸ್ವಲ್ಪ ಕೂಡಿಸುತ್ತೇವೆ, ಇಲ್ಲವೇ ಕಳೆಯುತ್ತೇವೆ. ಆಫ್‌ಸೆಟ್ ಸೊನ್ನೆ ಇಟ್ಟಾಗ ಲೋಡ್‌ನಲ್ಲಿ (ಚಿಪ್ ದುಡಿಯುವಾಗ) 1.37 ಬಂತು. ಜಾಸ್ತಿ ಆಯಿತು ಅಂತ 0.05 ಕಳೆದೆ. ಲೋಡ್‌ನಲ್ಲಿ ಸರಿಯಾಗಿ 1.32. ಪ್ರೈಮ್95 ಮತ್ತೆ ಪಾಸ್.

ಮರುದಿನ ಬೆಳಿಗ್ಗೆ ನೋಡಿದರೆ ಪರದೆ ಅಲ್ಲಾಡುತ್ತಿಲ್ಲ. ಮೂಲೆಯ ಗಡಿಯಾರ 2:17ಕ್ಕೆ ನಿಂತಿತ್ತು. ಆ ಹೊತ್ತಿಗೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ, ಅದೂ ಬ್ರೌಸರ್‌ನಲ್ಲಿ ಏನೋ ಓದುತ್ತಾ ಕೂತಿದ್ದಾಗ. ರ‍್ಯಾಮ್ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಆಮೇಲೆ ಹೊಳೆಯಿತು: ಆಫ್‌ಸೆಟ್ ಲೋಡ್‌ಗೆ ಮಾತ್ರ ಅಲ್ಲ, ಐಡಲ್‌ಗೂ (ಕೆಲಸವಿಲ್ಲದ ಹೊತ್ತಿಗೂ) ಅನ್ವಯಿಸುತ್ತದೆ. ಕೆಳಗಡೆ ವೋಲ್ಟೇಜ್ 0.93ಕ್ಕೆ ಕುಸಿದಿತ್ತು. ನನ್ನ ಚಿಪ್‌ಗೆ ಅದು ಸಾಲುತ್ತಿರಲಿಲ್ಲ. ಪ್ರೈಮ್95 ಚಿಪ್ಪನ್ನು ಪೂರ್ತಿ ದುಡಿಸುತ್ತದೆ, ಐಡಲ್‌ಗೆ ಇಳಿಯಲು ಬಿಡುವುದೇ ಇಲ್ಲ. ಅದಕ್ಕೇ ಈ ತೊಂದರೆ ಅದರ ಕಣ್ಣಿಗೆ ಬೀಳಲಿಲ್ಲ.

ದಾರಿ ಸಿಕ್ಕಿದ್ದು ಲೋಡ್ ಲೈನ್ ಕ್ಯಾಲಿಬ್ರೇಷನ್‌ನಲ್ಲಿ. ಲೋಡ್ ಬಿದ್ದಾಗ ವೋಲ್ಟೇಜ್ ಸಹಜವಾಗಿ ತುಸು ಜಗ್ಗುತ್ತದೆ, ಈ ಸೆಟ್ಟಿಂಗ್ ಅದನ್ನು ತಡೆಯುತ್ತದೆ. ನಾನು ಅದನ್ನು ಒಂದು ಹಂತ ಕಡಿಮೆ ಮಾಡಿ, ಆಫ್‌ಸೆಟ್ಟನ್ನು ಮೈನಸ್ 0.01ಕ್ಕೆ ತಂದೆ. ಲೋಡ್‌ನಲ್ಲಿ ಜಗ್ಗಿ 1.32ರ ಹತ್ತಿರ ನಿಂತಿತು. ಐಡಲ್‌ನಲ್ಲಿ ಕರೆಂಟ್ ಹರಿಯುವುದೇ ಕಡಿಮೆ, ಜಗ್ಗುವುದೂ ಕಡಿಮೆ, ಹಾಗಾಗಿ 0.97 ಉಳಿಯಿತು. ಮೀಟರ್‌ನಲ್ಲಿ 64 ವ್ಯಾಟ್. 94ರಿಂದ 30 ಇಳಿದಂತಾಯಿತು. ದಿನಕ್ಕೆ ಹತ್ತು ಗಂಟೆ ಆನ್ ಇದ್ದರೆ ತಿಂಗಳಿಗೆ ಒಂಬತ್ತು ಯೂನಿಟ್ ಉಳಿತಾಯ. ಕರೆಂಟ್ ಹೋದಾಗ ಯುಪಿಎಸ್ ಕೂಡ ಮೊದಲಿಗಿಂತ ಜಾಸ್ತಿ ಹೊತ್ತು ಎಳೆಯುತ್ತದೆ.

ಈಗ ಯಾವ ಸೆಟ್ಟಿಂಗ್ ಬದಲಾಯಿಸಿದರೂ ಎರಡು ರಾತ್ರಿ ಪರೀಕ್ಷೆ ಮಾಡುತ್ತೇನೆ. ಒಂದು ರಾತ್ರಿ ಪ್ರೈಮ್95. ಇನ್ನೊಂದು ರಾತ್ರಿ ಬ್ರೌಸರ್ ತೆರೆದಿಟ್ಟು ಸುಮ್ನೆ ಬಿಡುತ್ತೇನೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಮೂಲೆಯ ಗಡಿಯಾರವನ್ನೇ.