ಮುಧೋಳದಲ್ಲಿ ಕುಳಿತು ರನ್ನನನ್ನು ಓದಿದ್ದು

ಹಳಗನ್ನಡದ ಕವಿ ರನ್ನನ ಊರು ಮುಧೋಳವೇ ನನ್ನ ಊರು. ಆದರೂ ಅವನ ‘ಗದಾಯುದ್ಧ’ವನ್ನು ಪೂರ್ತಿಯಾಗಿ ಓದಿದ್ದು ನಿವೃತ್ತನಾದ ಮೇಲೆ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಗುಮಾಸ್ತನಾಗಿದ್ದೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಹಗಲು, ರಾತ್ರಿ ಎಂಬ ಭೇದವಿರುವುದಿಲ್ಲ. ‘ಈ ಹಂಗಾಮು ಮುಗಿಯಲಿ, ಇಬ್ಬರೂ ಕೂಡಿ ಓದೋಣ’ ಎಂದು ತಮ್ಮನಿಗೆ ಪ್ರತಿ ವರ್ಷವೂ ಹೇಳುತ್ತಿದ್ದೆ. ಅವನು ತೀರಿಕೊಂಡ. ಮದುವೆಯಾಗದ ನಾನು ಮನೆಯಲ್ಲಿ ಒಬ್ಬನೇ ಉಳಿದೆ.

ಹಳಗನ್ನಡವನ್ನು ಅರ್ಥದಿಂದಲ್ಲ, ಲಯದಿಂದ ಹಿಡಿದೆ. ಕಂದಪದ್ಯದ ಒಂದನೆಯ, ಮೂರನೆಯ ಸಾಲಿಗೆ 12 ಮಾತ್ರೆ (ಉಚ್ಚಾರದ ಕಾಲದ ಅಳತೆ). ಎರಡನೆಯ, ನಾಲ್ಕನೆಯ ಸಾಲಿಗೆ 20. ಬೆರಳು ಮಡಿಸುತ್ತ ಗಟ್ಟಿಯಾಗಿ ಓದಬೇಕು. ‘ಆ ರವಮಂ ನಿರ್ಜಿತಕಂ’ ಎಂದು ಸಾಲು ನಿಲ್ಲುತ್ತದೆ, ‘ಠೀರವ’ ಎಂದು ಮುಂದಿನದು ಏಳುತ್ತದೆ. ಕಣ್ಣಿಗೆ ತುಂಡಾಗಿ ಕಂಡ ಕಂಠೀರವ, ಅಂದರೆ ಸಿಂಹ, ಕಿವಿಗೆ ಇಡಿಯಾಗಿ ಸಿಗುತ್ತಾನೆ. ಆಮೇಲೆ ಪೆನ್ಸಿಲಿನಿಂದ ಪದ ಬಿಡಿಸುತ್ತೇನೆ. ನಿಘಂಟು ತೆರೆಯುವುದು ಕೊನೆಗೆ.

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರಿದ ಎನ್ನುತ್ತದೆ ಆ ಪದ್ಯ. ಅದು ಅಂಜಿಕೆಯ ಬೆವರಲ್ಲ. ‘ಕೋಪಾರುಣನೇತ್ರಂ’, ಕೋಪದಿಂದ ಕಣ್ಣು ಕೆಂಪಾದವನು, ಎಂದು ಕವಿಯೇ ಹೇಳಿದ್ದಾನೆ. ಇದು ಹೊಳೆದ ಸಂಜೆ ಯಾರಿಗಾದರೂ ಹೇಳಬೇಕೆಂಬ ತವಕ ತಡೆಯಲಾಗಲಿಲ್ಲ. ಒಂಟಿ ಓದಿನ ಕಷ್ಟ ಇರುವುದು ಅರ್ಥವಾಗದ ಪದ್ಯದಲ್ಲಲ್ಲ, ಅರ್ಥವಾದ ಪದ್ಯದಲ್ಲಿ.

ರಣರಂಗದಲ್ಲಿ ದುಶ್ಶಾಸನನ ಹೆಣದ ಮುಂದೆ ದುರ್ಯೋಧನ ಅಳುವ ಭಾಗಕ್ಕೆ ಬಂದಾಗ ಮಾತ್ರೆ, ಗಣ ಯಾವುದನ್ನೂ ಎಣಿಸಲಾಗಲಿಲ್ಲ. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಸಾವಿನಲ್ಲಿ ಮಾತ್ರ ಈ ಕ್ರಮ ತಪ್ಪಿದೆಯಲ್ಲ ಎನ್ನುತ್ತಾನೆ ಅಣ್ಣ. ಶಾಲೆಯಲ್ಲಿ ದುಷ್ಟನೆಂದು ಕಲಿತವನ ಬಾಯಲ್ಲಿ ನನ್ನ ಮನೆಯ ಮಾತನ್ನು ರನ್ನ ಸಾವಿರ ವರ್ಷಗಳ ಹಿಂದೆಯೇ ಇಟ್ಟಿದ್ದ. ಪುಸ್ತಕ ಮುಚ್ಚಿದೆ, ಮಳೆಗಾಲ ಕಳೆಯುವವರೆಗೂ ಮತ್ತೆ ಮುಟ್ಟಲಿಲ್ಲ. ತಮ್ಮನೊಡನೆ ಓದಿದ್ದರೆ ಈ ಪದ್ಯ ನಮಗೆ ಬರೀ ಸುಂದರವಾಗಿ ಕಾಣುತ್ತಿತ್ತೇನೋ.

ಒಬ್ಬರೇ ಓದುವವರು ತೀ.ನಂ.ಶ್ರೀ. ಅವರ ‘ಗದಾಯುದ್ಧ ಸಂಗ್ರಹಂ’ನಿಂದ ಆರಂಭಿಸಲಿ. ಅದು ಹಿಡಿತಕ್ಕೆ ಬಂದ ಮೇಲೆ ಮೂಲದ ಹತ್ತು ಆಶ್ವಾಸಗಳಿಗೆ (ಅಧ್ಯಾಯಗಳಿಗೆ) ಕೈಹಾಕಬಹುದು. ನಾನು ಈಗ ರನ್ನನ 993ರ ‘ಅಜಿತಪುರಾಣ’ಕ್ಕೆ ಬಂದಿದ್ದೇನೆ. ಜೈನ ಪರಿಭಾಷೆ ದಟ್ಟವಾಗಿರುವುದರಿಂದ ಇಲ್ಲಿ ನಿಘಂಟನ್ನು ಮೊದಲೇ ತೆರೆಯಬೇಕಾಗಿದೆ. ಒಂದೊಂದು ದಿನ ಒಂದೇ ಪದ್ಯ ಸಾಗುತ್ತದೆ.